ಬಾಡಿಗೆ ಸುಂಕವಿದಕಿಲ್ಲ

ಹೋದ ತಿಂಗಳು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ನಮ್ಮ ಗಿರಾಕಿಯೊಬ್ಬರ ಒಂದು ಕಂಟೇನರ್ ಒಂಬತ್ತು ದಿನ ನಿಂತುಬಿಟ್ಟಿತು. ಒಳಗೆ ಸೇಬು. ಹಣ್ಣಿಗೆ ರೋಗ, ಹುಳು ಇಲ್ಲ ಅಂತ ಜೊತೆಗೆ ಬರುವ ಫೈಟೋಸ್ಯಾನಿಟರಿ ಸರ್ಟಿಫಿಕೇಟಿನಲ್ಲಿ ಕಂಟೇನರ್ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಸರಿಯಾದ ಕಾಗದ ಬರುವವರೆಗೆ ಮಾಲು ಬಿಡುವ ಹಾಗಿಲ್ಲ. ದಿನ ಕಳೆದ ಹಾಗೆ ಡೆಮರೇಜ್, ಅಂದರೆ ಮಾಲು ತಡವಾಗಿ ನಿಂತದ್ದಕ್ಕೆ ಕಟ್ಟುವ ದಂಡ, ಏರುತ್ತದೆ, ತಂಪು ಕಂಟೇನರಿಗೆ ಕರೆಂಟಿನ ಚಾರ್ಜು ಬೇರೆ. ಹತ್ತನೇ ದಿನ ಬಾಗಿಲು ತೆಗೆದಾಗ ನಾನೂ ಅಲ್ಲಿದ್ದೆ. ಕೆಳಗಿನ ಸಾಲಿನ ಪೆಟ್ಟಿಗೆಗಳು ಒದ್ದೆಯಾಗಿ ಕುಸಿದಿದ್ದವು. ಒಂದು ಹಣ್ಣು ಕೈಗೆ ತಗೊಂಡೆ. ಹೆಬ್ಬೆರಳು ಒಳಗೆ ಇಳಿಯಿತು.

ಮುಂಬೈಯ ಬಲ್ಲಾರ್ಡ್ ಎಸ್ಟೇಟಿನಲ್ಲಿ, ಸುಂಕದ ಕೆಲಸ ಮುಗಿಸಿ ಮಾಲು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ನನಗೆ ಇಪ್ಪತ್ತಾರು ವರ್ಷ ಆಯಿತು. ಹುಬ್ಬಳ್ಳಿಯಿಂದ ಮದುವೆಯಾಗಿ ಮುಲುಂಡಿಗೆ ಬಂದವಳು. ವಾರವೆಲ್ಲಾ ಬಿಲ್ ಆಫ್ ಎಂಟ್ರಿ ಅನ್ನೋ ಆಮದು ಸುಂಕದ ಕಾಗದ, ಶನಿವಾರ ಸಂಜೆ ಭಜನಾ ಮಂಡಳಿ. ಅವೆರಡೂ ಒಂದಕ್ಕೊಂದು ಸಂಬಂಧ ಇಲ್ಲದ ಕೆಲಸ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಆ ಶನಿವಾರ ಮಂಡಳಿಯಲ್ಲಿ ಪುರಂದರದಾಸರ ‘ಕಲ್ಲುಸಕ್ಕರೆ ಕೊಳ್ಳಿರೋ’ ಎತ್ತಿಕೊಂಡರು. ಚಿಕ್ಕಂದಿನಿಂದ ಹಾಡಿದ ಪದ. ಬಾಯಿ ತನ್ನ ಪಾಡಿಗೆ ಹಾಡುತ್ತಿತ್ತು, ಮನಸ್ಸು ಆ ಕೊಳೆತ ಸೇಬಿನ ಹತ್ತಿರವೇ ಇತ್ತು. ಆಗ ಈ ಸಾಲು ಬಂತು:

ಎತ್ತು ಹೇರುಗಳಿಂದ ಹೊತ್ತು ಮಾರುವುದಲ್ಲ
...
ಎತ್ತ ಹೋದರೂ ಬಾಡಿಗೆ ಸುಂಕವಿದಕಿಲ್ಲ

ನನ್ನ ದನಿ ನಿಂತೇಹೋಯಿತು. ಬಾಡಿಗೆ, ಸುಂಕ. ಎರಡೂ ಅಕ್ಕಪಕ್ಕ. ನಾನು ದಿನಾ ತುಂಬುವ ಕಾಗದದಲ್ಲಿ ಅವು ಹಾಗೇ ಅಂಟಿಕೊಂಡಿರುತ್ತವೆ. ಮಾಲಿನ ಬೆಲೆ, ಅದರ ಮೇಲೆ ಹಡಗಿನ ಬಾಡಿಗೆ, ಅದರ ಮೇಲೆ ವಿಮೆ. ಇಷ್ಟನ್ನೂ ಕೂಡಿಸಿ ಬಂದ ಮೊತ್ತಕ್ಕೆ ಸುಂಕ. ಬಾಡಿಗೆ ಜಾಸ್ತಿಯಾದರೆ ಸುಂಕವೂ ಜಾಸ್ತಿ. ಮಾಲು ಸಾಗಿಸಿ ಗೊತ್ತಿದ್ದವರಿಗೆ ಬಾಡಿಗೆ ಅಂದ ಕೂಡಲೇ ಸುಂಕ ನೆನಪಾಗುತ್ತದೆ. ದಾಸರಿಗೂ ಹಾಗೇ ನೆನಪಾಗಿದೆ.

ಪಕ್ಕದಲ್ಲಿದ್ದ ಹುಡುಗಿ ಮಂಡಳಿಯ ಹಿರಿಯರಾದ ಕಾಕೂ ಅವರನ್ನು ಕೇಳಿದಳು, “ಕಾಕೂ, ಹೇರು ಅಂದ್ರ ಏನ್ರಿ?” ಕಾಕೂ ವಿಜಯಪುರದ ಕಡೆಯವರು, ಎಂಬತ್ತು ದಾಟಿದೆ. ಹೆಗಲ ಮೇಲಿದ್ದ ಶಾಲು ತೆಗೆದು, ಮಡಚಿ, ಹಾರ್ಮೋನಿಯಮ್ ಪೆಟ್ಟಿಗೆಯ ಬೆನ್ನಿಗೆ ಹಾಕಿದರು. ಎರಡೂ ತುದಿ ಎರಡೂ ಕಡೆ ಸಮನಾಗಿ ಇಳಿಬಿಟ್ಟರು. “ಹಿಂಗವಾ. ಎತ್ತಿನ ಬೆನ್ನ ಮ್ಯಾಲೆ ಜೋಡ್ ಚೀಲ. ಒಂದ್ ಕಡಿ ಭಾರ ಆತಂದ್ರ ಎತ್ತು ನಡ್ಯಾಂಗಿಲ್ಲ.”

ಆ ಪದದ ತುಂಬ ‘ಅಲ್ಲ’ಗಳೇ ಇವೆ, ಗಮನಿಸಿದ್ದೀರಾ? ಗೋಣಿಯಲ್ಲಿ ಒತ್ತಿ ತುಂಬುವುದಲ್ಲ. ನಷ್ಟ ಬೀಳುವುದಲ್ಲ. ಎಷ್ಟು ದಿನ ಇಟ್ಟರೂ ಕೆಡುವುದಲ್ಲ. ಇರುವೆ ತಿಂದು ಕಡಿಮೆಯಾಗುವುದಲ್ಲ. ಸಂತೆಯಿಂದ ಸಂತೆಗೆ ಅಲೆಸುವುದಲ್ಲ. ಕೃಷ್ಣನ ನಾಮ ಎಂಥ ಸರಕು ಅಂತ ಹೇಳುವುದಕ್ಕೆ ದಾಸರು ಅದು ಯಾವುದಲ್ಲ ಅಂತ ಹೇಳುತ್ತಾ ಹೋಗುತ್ತಾರೆ. ಒಂದೊಂದು ‘ಅಲ್ಲ’ದ ಹಿಂದೆಯೂ ಒಬ್ಬ ವ್ಯಾಪಾರಿಯ ಭಯ ಇದೆ. ಎಲ್ಲಾ ಜೋಡಿಸಿ ನೋಡಿದರೆ 16ನೇ ಶತಮಾನದಲ್ಲಿ ಮಾಲು ಹೊತ್ತು ಹೊರಟವನ ನಿದ್ದೆ ಕೆಡಿಸುತ್ತಿದ್ದದ್ದು ಏನೇನು ಅಂತ ಪಟ್ಟಿ ಸಿಗುತ್ತದೆ. ಆ ವಿಜಯನಗರದ ಕಾಲದ ಬಗ್ಗೆ ಶಾಲೆಯಲ್ಲಿ ನಾವು ಓದಿದ್ದು ರತ್ನವನ್ನು ಸೇರಿನಲ್ಲಿ ಅಳೆದು ಮಾರಿದರು ಅನ್ನೋದು. ಗೋಣಿ, ಇರುವೆ, ಸುಂಕದ ಸಂಗತಿ ನಮಗೆ ಯಾರೂ ಹೇಳಲಿಲ್ಲ. ದಾಸರು ಹೇಳಿದ್ದಾರೆ.

ಮನೆಗೆ ಬಂದು ಮಗನಿಗೆ ಹೇಳಿದೆ. ಅವನು ಹುಡುಕಿ, ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸವನ್ನು ಫೋನಿಗೆ ಇಳಿಸಿಕೊಟ್ಟ. ಆಗಿನ ಪೋರ್ಚುಗೀಸರು ಬರೆದಿಟ್ಟ ವಿವರಗಳ ಅನುವಾದ ಅದರಲ್ಲಿದೆ. ಅವರಲ್ಲಿ ಒಬ್ಬ ಫೆರ್ನಾವೋ ನೂನಿಜ್, ಕುದುರೆ ವ್ಯಾಪಾರಿ. ಸುಮಾರು 1535ರ ಹೊತ್ತಿಗೆ ವಿಜಯನಗರದಲ್ಲಿದ್ದವನು. ದಾಸರ ಕಾಲ 1484ರಿಂದ 1564. ಅಂದರೆ ಆ ಬೀದಿಗಳಲ್ಲಿ ತಂಬೂರಿ ಹಿಡಿದವರೂ ಕುದುರೆ ತಂದವರೂ ಒಂದೇ ಕಾಲದವರು.

ನೂನಿಜ್ ಬರೆದದ್ದು ಇದು. ಊರಿನೊಳಗೆ ದವಸ, ಸರಕು ಏನೂ ಇಲ್ಲ, ಎಲ್ಲಾ ಹೊರಗಿನಿಂದ ಎತ್ತಿನ ಬೆನ್ನ ಮೇಲೆ ಬರಬೇಕು. ದಿನಕ್ಕೆ 2000 ಎತ್ತು ಊರ ಬಾಗಿಲು ದಾಟುತ್ತವೆ. ಒಂದೊಂದು ಎತ್ತಿಗೂ ಸುಂಕ, ಅವನ ಪೋರ್ಚುಗೀಸ್ ಲೆಕ್ಕದಲ್ಲಿ 3 ವಿಂಟೆಂ ಅನ್ನೋ ಚಿಲ್ಲರೆ ನಾಣ್ಯ. ಒಂದು ಬಾಗಿಲನ್ನು ವರ್ಷಕ್ಕೆ 12,000 ಪರ್ದಾವಿಗೆ, ಅಂದರೆ ಅಷ್ಟು ಚಿನ್ನದ ನಾಣ್ಯಕ್ಕೆ, ಗುತ್ತಿಗೆ ಕೊಟ್ಟಿದ್ದಾರೆ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರವನಾಗಲಿ ಪರದೇಶಿಯಾಗಲಿ ಒಳಗೆ ಬರುವ ಹಾಗಿಲ್ಲ. ಕೊಂಬಿಲ್ಲದ ಕೆಲವು ಎತ್ತುಗಳಿಗೆ ಮಾತ್ರ ಇಡೀ ರಾಜ್ಯದಲ್ಲಿ ಎಲ್ಲೂ ಸುಂಕ ಇಲ್ಲ.

ಇದನ್ನು ಓದುವಾಗ ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಮನೆ ಮುಲುಂಡ್ ಚೆಕ್ ನಾಕಾದಿಂದ ಹತ್ತು ನಿಮಿಷದ ದಾರಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ರಾತ್ರಿಯೆಲ್ಲಾ ಅಲ್ಲಿ ಲಾರಿಗಳ ಸಾಲು ನಿಂತಿರುತ್ತಿತ್ತು. ಜಕಾತಿ ಕಟ್ಟದೆ ಮುಂಬೈ ಒಳಗೆ ಒಂದು ಗೋಣಿ ಈರುಳ್ಳಿಯೂ ಬರುವಂತಿಲ್ಲ ಅಂತಿದ್ದರು ಅತ್ತೆಯವರು. ಲಾರಿಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ ಡ್ರೈವರುಗಳನ್ನು ನೋಡಿದ್ದೇನೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಜಕಾತಿ ಹೋಯಿತು. ಹೆಸರು ಮಾತ್ರ ಉಳಿದಿದೆ. ಈಗಲೂ ರಿಕ್ಷಾದವರಿಗೆ ‘ಚೆಕ್ ನಾಕಾ’ ಅಂದರೇನೇ ತಿಳಿಯುವುದು. ಹಂಪೆಯ ಬಾಗಿಲಲ್ಲಿ ಕಾದು ನಿಂತ ಎತ್ತಿನವನ ಕಿವಿಗೆ ‘ಬಾಡಿಗೆ ಸುಂಕವಿದಕಿಲ್ಲ’ ಅನ್ನೋ ಮಾತು ಬಿದ್ದಾಗ ಅವನಿಗೆ ಹೇಗಾಗಿರಬೇಕು! ನಮಗೆ ಅದು ಭಕ್ತಿಯ ಮಾತು. ಅವನಿಗೆ ಅದು ಮೊದಲು ಎದೆ ತಣ್ಣಗಾಗುವ ಮಾತು, ಭಕ್ತಿ ಆಮೇಲೆ.

ದಾಸರಾಗುವ ಮೊದಲು ಅವರೂ ವ್ಯಾಪಾರಿಯೇ, ನವಕೋಟಿ ನಾರಾಯಣ ಅಂತ ಹೆಸರಿತ್ತು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಪುಣೆ ಹತ್ತಿರದ ಪುರಂದರಗಡವೇ ಅವರ ಊರು ಅಂತ ಇಲ್ಲಿನವರು ಪ್ರೀತಿಯಿಂದ ಹೇಳಿಕೊಳ್ಳುತ್ತಾರೆ. ತೀರ್ಥಹಳ್ಳಿ ಕಡೆಯವರು ಆರಗ ಅನ್ನುತ್ತಾರೆ. ಊರು ಯಾವುದಾದರೂ ಇರಲಿ, ಆ ಸಾಲನ್ನು ಬರೆದದ್ದು ಲೆಕ್ಕ ಗೊತ್ತಿದ್ದ ಕೈ.

ಒಂದು ವಿಷಯದಲ್ಲಿ ಮಾತ್ರ ಬೇಸರ ಇದೆ. ದಾಸರು ಯಾವ ಧಾಟಿಯಲ್ಲಿ ಹಾಡಿದರು ಅನ್ನೋದು ನಮ್ಮ ಕೈಗೆ ಬರಲಿಲ್ಲ. ಇವತ್ತು ಹಾಡುವ ರಾಗಗಳು ಬಹುಪಾಲು ಆಮೇಲಿನವರು ಕೂಡಿಸಿದ್ದು. ಸಂಗೀತ ಕಲಿಯುವ ಮಕ್ಕಳಿಗೆ ಸರಳೆ ವರಸೆ ಹಾಕಿಕೊಟ್ಟವರು ಅಂತ ಯಾರನ್ನು ನೆನೆಯುತ್ತೇವೋ ಅವರ ಪದಗಳದೇ ಈ ಗತಿ. ಅವರ ಕಾಲ ಮಾತಿನಲ್ಲಿ ಉಳಿಯಿತು, ರಾಗದಲ್ಲಿ ಉಳಿಯಲಿಲ್ಲ.

ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ಕಟ್ಟಿದ ಮುತ್ತುಸ್ವಾಮಿ ದೀಕ್ಷಿತರಲ್ಲಿ ಇದು ತಿರುವು ಮುರುವು. ಮಾಟುಂಗದಲ್ಲಿ ನನ್ನ ಅಕ್ಕನ ಮಗಳು ಕರ್ನಾಟಕ ಸಂಗೀತ ಕಲಿಯುತ್ತಾಳೆ. ಒಂದು ದಿನ ‘ಸಂತತಂ ಪಾಹಿಮಾಂ’ ಹಾಡಿ ತೋರಿಸಿದಳು. ಮಾತು ಅಚ್ಚ ಸಂಸ್ಕೃತ, ದೇವಿಯ ಸ್ತುತಿ. ಧಾಟಿ ಎಲ್ಲೋ ಕೇಳಿದ್ದು. ಆಮೇಲೆ ಹೊಳೆಯಿತು: 2022ರಲ್ಲಿ ಇಂಗ್ಲೆಂಡಿನ ರಾಣಿ ತೀರಿಕೊಂಡಾಗ ಟೀವಿಯಲ್ಲಿ ಬಂದ ಅವರ ರಾಷ್ಟ್ರಗೀತೆ! ದೀಕ್ಷಿತರು ಮದರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ಕೋಟೆಯ ಇಂಗ್ಲಿಷ್ ಬ್ಯಾಂಡ್ ಕೇಳಿ, ಆ ಧಾಟಿಗಳಿಗೆ ಸಾಹಿತ್ಯ ಕೂಡಿಸಿದರು. ಇಂಗ್ಲಿಷಿನ ‘ನೋಟ್’ ಸೇರಿಸಿ ಅವನ್ನು ನೊಟ್ಟುಸ್ವರ ಅನ್ನೋದು ಅದಕ್ಕೇ. ಕಂಪನಿ ಸರಕಾರ ಊರೊಳಗೆ ಬಂದದ್ದು ಆ ಹಾಡಿನ ಮಾತಿನಲ್ಲಿ ಎಲ್ಲೂ ಇಲ್ಲ. ಸ್ವರದಲ್ಲಿ ಇದೆ.

ಹುಬ್ಬಳ್ಳಿಯಲ್ಲಿ ನಾನು ನಾಲ್ಕು ವರ್ಷ ಹಿಂದೂಸ್ತಾನಿ ಕಲಿತಿದ್ದೆ. ಚೀಜು ಅಂದರೆ ಅಲ್ಲಿ ಹಾಡುವ ಪದ. ಆ ಚೀಜುಗಳಲ್ಲಿ ಆಗಾಗ ‘ಮಹಮ್ಮದ ಶಾ’, ‘ಸದಾರಂಗ’ ಅಂತ ಬರುತ್ತಿತ್ತು. ಸದಾರಂಗ ಅಂದರೆ ನಿಯಾಮತ್ ಖಾನ್. 1719ರಿಂದ 1748ರವರೆಗೆ ದಿಲ್ಲಿ ಆಳಿದ ಮಹಮ್ಮದ್ ಶಾನ ದರ್ಬಾರಿನ ಬೀನಕಾರ, ವೀಣೆಯ ಜಾತಿಯ ಬೀನ್ ನುಡಿಸುವವ. 1739ರಲ್ಲಿ ನಾದಿರ್ ಶಾ ಬಂದು ದಿಲ್ಲಿಯನ್ನು ಸೂರೆ ಮಾಡಿ ಮಯೂರ ಸಿಂಹಾಸನವನ್ನೇ ಹೊತ್ತುಕೊಂಡು ಹೋದ. ನಾನು ಕಲಿತ ಚೀಜುಗಳಲ್ಲಿ ಅತ್ತೆ ನಾದಿನಿ ಇದ್ದಾರೆ, ಮಳೆ ಇದೆ, ಬಾರದ ನಲ್ಲ ಇದ್ದಾನೆ. ಸುಟ್ಟ ದಿಲ್ಲಿ ಇಲ್ಲ. ಅದನ್ನು ತಪ್ಪು ಅನ್ನಲಾರೆ. ದರ್ಬಾರಿನ ಅನ್ನ ಉಂಡವನ ಅಂಕಿತದಲ್ಲಿ ಬಾದಶಹನ ಹೆಸರು ಬಂತು. ಬೀದಿಯಲ್ಲಿ ಬೇಡಿ ಉಂಡವರ ಅಂಕಿತದಲ್ಲಿ ವಿಠಲ ಬಂದ. ನನ್ನ ಮನಸ್ಸು ಬೀದಿಯವರ ಕಡೆಗೇ ವಾಲುತ್ತದೆ, ಮುಚ್ಚಿಡುವುದಿಲ್ಲ. ಅವರ ಹಾಡಿನಲ್ಲಿ ಎತ್ತಿನವನಿಗೂ ಜಾಗ ಇದೆ.

ಮುಂದಿನ ಶನಿವಾರ ನೂನಿಜ್ ಬರೆದದ್ದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಂಡು ಮಂಡಳಿಗೆ ಹೋದೆ. ಓದಿ ಹೇಳಿದೆ. ಕೊಂಬಿಲ್ಲದ ಎತ್ತಿನ ಮಾತು ಬಂದಾಗ ಕಾಕೂ ಕಣ್ಣರಳಿಸಿದರು. “ನಮ್ಮಪ್ಪನ ಕಡೆನೂ ಅಂಥಾದೊಂದು ಬೋಳ ಎತ್ತಿತ್ತು ನೋಡವಾ. ಬಾಳ ಸಾಧು. ನಾವು ಹುಡುಗ್ರು ಅದರ ಕೊಳ್ಳಿಗೆ ಜೋತು ಬೀಳ್ತಿದ್ವಿ. ಅದಕ್ಕ್ಯಾಕ ಸುಂಕ ಬಿಟ್ಟಿದ್ರಂತ?”

“ಅದನ್ನ ಅಂವ ಬರದಿಲ್ರೀ ಕಾಕೂ.”

“ಇರ್ಲಿ ಬಿಡು. ಬಿಟ್ರಲ್ಲ, ಅಷ್ಟ ಸಾಕು,” ಅಂದರು. ಹಾರ್ಮೋನಿಯಮ್ ಮುಂದಕ್ಕೆ ಎಳೆದುಕೊಂಡರು. ನಾವು ಯಾವಾಗಲೂ ಗಂಟೆ ನೋಡಿ ಎರಡು ನುಡಿ ಬಿಟ್ಟುಬಿಡುತ್ತಿದ್ದೆವು. ಆವತ್ತು ಒಂದನ್ನೂ ಬಿಡಲಿಲ್ಲ. ಸುಂಕದ ಸಾಲು ಬಂದಾಗ ಕಾಕೂ ನನ್ನ ಕಡೆ ತಿರುಗಿ, ನೀನೇ ಹೇಳು ಅಂತ ಕೈ ಮಾಡಿದರು. ಒಬ್ಬಳೇ ಹಾಡಿದೆ, ಎರಡು ಸಲ.