ಎರ್ಲಾಂಗೆನ್ ಮನೆಯಲ್ಲಿ ರಾಗಿ ಸರಿ

ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಜರ್ಮನಿಯ ಎರ್ಲಾಂಗೆನ್ ಊರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಎರಡು ವಸ್ತುಗಳು ಅಕ್ಕಪಕ್ಕದಲ್ಲಿದ್ದವು. ಒಂದು, ನ್ಯೂರೆಂಬರ್ಗ್‌ನ ಭಾರತೀಯ ಅಂಗಡಿಯಿಂದ ತಂದ ಎರಡು ಕಿಲೋ ರಾಗಿ. ಇನ್ನೊಂದು, ಇಲ್ಲಿನವರು ಹೆಬಾಮೆ ಎಂದು ಕರೆಯುವ ಸೂಲಗಿತ್ತಿ ಕೊಟ್ಟುಹೋಗಿದ್ದ ಹಾಳೆ. ಜರ್ಮನಿಯಲ್ಲಿ ಹೆರಿಗೆಯಾದ ಮೇಲೆ 12 ವಾರಗಳವರೆಗೆ ಸೂಲಗಿತ್ತಿಯು ಆರೋಗ್ಯ ವಿಮೆಯ ಖರ್ಚಿನಲ್ಲೇ ಮನೆಗೆ ಬಂದು ತಾಯಿ ಮಗುವನ್ನು ನೋಡಿಕೊಳ್ಳುತ್ತಾಳೆ. ತವರಿನಿಂದ ಯಾರೂ ಬರಲಾಗದಿದ್ದ ನನಗೆ ಆಕೆ ಆ ದಿನಗಳಲ್ಲಿ ಎಷ್ಟು ದೊಡ್ಡ ಆಸರೆಯಾಗಿದ್ದಳೆಂಬುದನ್ನು ಬೇರೆಯಾಗಿಯೇ ಬರೆಯಬೇಕು.

ಆ ಹಾಳೆಯಲ್ಲಿ ಮೂರು ಗಂಜಿಗಳ ಕ್ರಮವಿತ್ತು. ಮೊದಲು ಮಧ್ಯಾಹ್ನಕ್ಕೆ ತರಕಾರಿ, ಆಲೂಗಡ್ಡೆ ಮತ್ತು ಮಾಂಸ; ಸುಮಾರು ಒಂದು ತಿಂಗಳ ಬಳಿಕ ಸಂಜೆಗೆ ಹಾಲು ಮತ್ತು ಧಾನ್ಯ; ಅದಾದ ಮೇಲೆ ಇಳಿಹೊತ್ತಿಗೆ ಧಾನ್ಯ ಮತ್ತು ಹಣ್ಣು. ಒಂದೊಂದು ಗಂಜಿಯೂ ಒಂದೊಂದು ಹೊತ್ತಿನ ಹಾಲಿನ ಜಾಗವನ್ನು ಮೆಲ್ಲಮೆಲ್ಲನೆ ತುಂಬುತ್ತದೆ. ಐದನೆಯ ತಿಂಗಳ ಆರಂಭಕ್ಕಿಂತ ಮೊದಲು ಬೇಡ, ಏಳನೆಯ ತಿಂಗಳ ಆರಂಭಕ್ಕಿಂತ ತಡ ಮಾಡಬೇಡಿ ಎಂಬುದು ಇಲ್ಲಿನ ಸಲಹೆ. ವಿಶ್ವ ಆರೋಗ್ಯ ಸಂಸ್ಥೆಯು ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕೆನ್ನುತ್ತದೆ. ಇಲ್ಲಿನ ಅಂಗಡಿಗಳ ಸಾಲುಸಾಲು ಸೀಸೆಗಳ ಮೇಲೆ ‘ನಾಲ್ಕನೆಯ ತಿಂಗಳ ನಂತರ’ ಎಂದು ಬರೆದಿರುವುದನ್ನು ಕಂಡು ಹೊಸ ತಾಯಂದಿರು ಗಾಬರಿಯಾಗುತ್ತಾರೆ; ನಾನೂ ಆಗಿದ್ದೆ. ಕ್ಯಾಲೆಂಡರಿಗಿಂತ ಮಗುವನ್ನು ನೋಡಿ ಎಂದಳು ಸೂಲಗಿತ್ತಿ. ಆಸರೆ ಕೊಟ್ಟರೆ ಕೂರುತ್ತದೆಯೇ, ಕತ್ತು ನಿಲ್ಲುತ್ತದೆಯೇ, ಚಮಚ ತಾಗಿಸಿದರೆ ನಾಲಿಗೆ ಅದನ್ನು ಹೊರಗೆ ತಳ್ಳುವುದನ್ನು ನಿಲ್ಲಿಸಿದೆಯೇ, ನಮ್ಮ ತಟ್ಟೆಯತ್ತ ಕೈ ಚಾಚುತ್ತದೆಯೇ ಎಂಬುದಷ್ಟನ್ನೇ ನಾವು ಗಮನಿಸುತ್ತ ಕಾದೆವು.

ಶುರುವಾದದ್ದು ಕುಂಬಳದಿಂದ. ನ್ಯೂರೆಂಬರ್ಗ್, ಫ್ಯೂರ್ತ್ ಮತ್ತು ಎರ್ಲಾಂಗೆನ್ ನಡುವಿನ ಕ್ನೋಬ್ಲೌಕ್ಸ್‌ಲಾಂಡ್ ಎಂಬ ಬಯಲು ತರಕಾರಿ ಬೇಸಾಯಕ್ಕೆ ಹೆಸರುವಾಸಿ. ಆ ಹೆಸರಿನ ಅರ್ಥವೇ ಬೆಳ್ಳುಳ್ಳಿ ಸೀಮೆ. ಅಕ್ಟೋಬರಿನ ಸಂತೆಯಲ್ಲಿ ಹೊಕ್ಕೈಡೊ ಕುಂಬಳದ ರಾಶಿ ಬಿದ್ದಿರುತ್ತದೆ. ಅದರ ಸಿಪ್ಪೆಯೂ ಬೆಂದು ಮೆತ್ತಗಾಗುವುದರಿಂದ ಹೆರೆಯುವ ಕೆಲಸವಿಲ್ಲ. ಆಮೇಲೆ ಕ್ಯಾರೆಟ್, ಅದರ ಹಿಂದೆ ಪಾಸ್ಟಿನಾಕೆ ಎಂಬ ಬಿಳಿಗೆಡ್ಡೆ. ನೋಡಲು ಮೂಲಂಗಿಯಂತಿದ್ದರೂ ಇದು ಸಿಹಿಯಾಗಿರುತ್ತದೆ. 100 ಗ್ರಾಂ ತರಕಾರಿ, 50 ಗ್ರಾಂ ಆಲೂಗಡ್ಡೆಯನ್ನು ಹಬೆಯಲ್ಲಿ ಬೇಯಿಸಿ, ಮಸೆದು, ಒಂದು ಚಮಚ ಎಣ್ಣೆ ಬೆರೆಸುವುದು. ಒಮ್ಮೆಗೆ ವಾರಕ್ಕಾಗುವಷ್ಟು ಮಾಡಿ ಬೇಗನೆ ಆರಿಸಿ, ಐಸ್ ಅಚ್ಚುಗಳಲ್ಲಿ ಹೆಪ್ಪುಗಟ್ಟಿಸಿ ಇಡುತ್ತಿದ್ದೆ.

ನಾವು ಸಸ್ಯಾಹಾರಿಗಳು. ಹಾಳೆಯಲ್ಲಿ ಮಾಂಸವೆಂದಿದ್ದಲ್ಲಿ ಏನು ಹಾಕಬೇಕೆಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ರಾಗಿಯಿದೆಯಲ್ಲ, ಅದರಲ್ಲಿ ಎಲ್ಲವೂ ಇದೆ ಎಂದುಕೊಂಡಿದ್ದೆ. ಹಾಸನದ ಕಡೆಯ ನನಗೆ ಅದು ಹುಟ್ಟಿನಿಂದ ಬಂದ ನಂಬಿಕೆ. ಆದರೆ ಮಾಂಸವನ್ನು ಆ ಹಾಳೆಯಲ್ಲಿ ಇಟ್ಟಿರುವುದು ಕಬ್ಬಿಣಾಂಶಕ್ಕಾಗಿ. ಮಗು ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಸುಮಾರಿಗೆ ಕರಗುತ್ತ ಬರುತ್ತದೆ, ಎದೆಹಾಲಿನಲ್ಲಿ ಅದು ತೀರ ಕಡಿಮೆ. ಅಮೆರಿಕದ ಶಿಫಾರಸಿನಂತೆ ಬೆಳೆದ ಗಂಡಸಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ಸಾಕಾದರೆ, ಏಳು ತಿಂಗಳು ದಾಟಿದ ಕೂಸಿಗೆ 11 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಇದೆ. ಆ ವಿಷಯದಲ್ಲಿ ಅದಕ್ಕೆ ಸಾಟಿಯಾದ ಧಾನ್ಯವಿಲ್ಲ. ಆದರೆ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು ಮಾತ್ರ. ಮಗು ತಿನ್ನುವ 20 ಗ್ರಾಂ ಹಿಟ್ಟಿನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಅದರಲ್ಲೂ ಕಾಳಿನಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳು ಹಿಡಿದಿಟ್ಟುಕೊಂಡ ಮೇಲೆ ದೇಹಕ್ಕೆ ದಕ್ಕುವುದು ಇನ್ನೂ ಕಡಿಮೆ. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳ ವೈದ್ಯರೊಡನೆ ಮಾತನಾಡಿ, ಕಬ್ಬಿಣಾಂಶ ಸೇರಿಸಿದ ಶಿಶುಧಾನ್ಯವನ್ನು ದಿನಕ್ಕೊಮ್ಮೆ ಕೊಡುವುದೆಂದು ನಿರ್ಧರಿಸಿದೆವು. ಮನೆಯಲ್ಲೇ ಮಾಡಿ ಉಣಿಸಬೇಕೆಂಬ ಹಂಬಲವಿದ್ದ ನನಗೆ ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು, ಆದರೂ ಒಪ್ಪಿಕೊಂಡದ್ದು ಸರಿಯೆಂದೇ ಇಂದಿಗೂ ಭಾವಿಸುತ್ತೇನೆ. ಮಧ್ಯಾಹ್ನದ ಊಟದಲ್ಲಿ ಮಾಂಸದ ಬದಲು 10 ಗ್ರಾಂ ಓಟ್ಸ್ ಅಥವಾ ನುಣ್ಣಗೆ ಬೆಂದ ಹೆಸರುಬೇಳೆ, ಜೊತೆಗೆ ಎರಡು ಚಮಚ ಕಿತ್ತಳೆ ರಸ ಸೇರಿತು. ಹಣ್ಣಿನ ಸಿ ಜೀವಸತ್ವವು ಸಸ್ಯಮೂಲದ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ರಾಗಿಯನ್ನು ಬಿಡಲಿಲ್ಲ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆಂದು ತಿಳಿದ ಮೇಲೆ ಅದನ್ನು ಸರಿಯಾಗಿಯೇ ಮಾಡಬೇಕೆನಿಸಿತು. ಊರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಇಲ್ಲಿ ಮನೆಯೊಳಗೆ 19 ಡಿಗ್ರಿ. ಮೊದಲ ಗಂಟು ಮೂರು ದಿನವಾದರೂ ಮೊಳೆಯದೆ ಮುಗ್ಗಲು ವಾಸನೆ ಬಂತು. ಕೂಸಿನ ಆಹಾರದಲ್ಲಿ ಬೂಷ್ಟಿನ ಅನುಮಾನ ಸಲ್ಲದೆಂದು ಅಷ್ಟನ್ನೂ ಎಸೆದೆ. ಎರಡನೆಯ ಸಲ ಗಂಟನ್ನು ಓವನ್ನಿನೊಳಗೆ ದೀಪ ಮಾತ್ರ ಉರಿಸಿ ಇಟ್ಟೆ. ಆ ಸಣ್ಣ ಕಾವಿಗೆ ಒಂದೂವರೆ ದಿನದಲ್ಲಿ ರಾಗಿ ಮೊಳೆಯಿತು. ಒಣಗಿಸಲು ಬಿಸಿಲಿಲ್ಲದ ಊರಿನಲ್ಲಿ, ಓವನ್ನನ್ನು 50 ಡಿಗ್ರಿಗೆ ಇಟ್ಟು ಬಾಗಿಲನ್ನು ತುಸು ತೆರೆದು ಗಂಟೆಗಟ್ಟಲೆ ಕಾಯಬೇಕಾಯಿತು. ಆಮೇಲೆ ಮೊಳಕೆ ಉಜ್ಜಿ ಉದುರಿಸಿ, ಹದವಾಗಿ ಹುರಿದು, ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿದೆ.

ಹುರಿಯುವಾಗ ಅಮ್ಮ ಫೋನಿನಲ್ಲಿ ಎರಡು ಮಾತು ಹೇಳಿದ್ದಳು: ಕೆಂಪಾಗಿಸಬೇಡ, ರಾಗಿ ಸರಿ ಕಾಯಿಸುವಾಗ ಉರಿ ಸಣ್ಣದಿರಲಿ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹೆಚ್ಚು ಹುರಿದರೆ ಆ ಕಿಣ್ವ ಸಾಯುತ್ತದೆ. ನಿಧಾನವಾಗಿ ಕಾಯಿಸಿದರೆ ಕುದಿ ಬರುವ ಮುನ್ನ ಅದಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಮೊಳಕೆಯಿಲ್ಲದ ಹಿಟ್ಟು ಮತ್ತು ಮೊಳಕೆಯ ಹಿಟ್ಟನ್ನು ಒಂದೇ ಅಳತೆಯಲ್ಲಿ ಎರಡು ಪಾತ್ರೆಗಳಲ್ಲಿ ಕಾಯಿಸಿ ನೋಡಿದೆ. ಮೊದಲನೆಯದು ಅಂಟಿನಂತೆ ಗಟ್ಟಿಯಾಯಿತು, ಎರಡನೆಯದು ಚಮಚದಿಂದ ಇಳಿಯುವಷ್ಟು ತೆಳ್ಳಗೇ ಉಳಿಯಿತು. ಕೂಸಿನ ಪುಟ್ಟ ಹೊಟ್ಟೆಗೆ ನೀರು ತುಂಬದೆ ಹೆಚ್ಚು ಹಿಟ್ಟನ್ನು ತಲುಪಿಸುವ ಉಪಾಯ ಅದರಲ್ಲಿದೆ. ರಾಗಿಯ ಸುಣ್ಣದಂಶ ಬಹುಪಾಲು ಸಿಪ್ಪೆಯಲ್ಲೇ ಇರುವುದರಿಂದ, ಮಗಳಿಗೆ ಎಂಟು ತಿಂಗಳಾದ ಮೇಲೆ ಬಟ್ಟೆ ಬಿಟ್ಟು ಸಣ್ಣ ಜರಡಿ ಹಿಡಿದೆ.

ಅಮ್ಮನ ಕ್ರಮದಲ್ಲಿ ನಾನು ಬದಲಿಸಿದ್ದು ಹಾಲು ಮತ್ತು ಬೆಲ್ಲ. ಹಾಲಿನ ಸುಣ್ಣವು ಕಬ್ಬಿಣ ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುವುದರಿಂದ ಜರ್ಮನ್ ಕ್ರಮದಲ್ಲಿ ಹಾಲಿನ ಗಂಜಿ ಒಂದೇ ಹೊತ್ತಿಗೆ ಸೀಮಿತ. ಇಳಿಹೊತ್ತಿನ ಗಂಜಿಗೆ ಹಾಲೇ ಇಲ್ಲ. ಹಾಗಾಗಿ ಸರಿಯನ್ನು ನೀರಿನಲ್ಲೇ ಕಾಯಿಸಿ, ಬೆಂದ ಸೇಬು ಅಥವಾ ಪೇರ್ ಹಣ್ಣು ಮಸೆದು ಬೆರೆಸುತ್ತೇನೆ. ಬೆಲ್ಲದ ಅಗತ್ಯವೇ ಬೀಳಲಿಲ್ಲ. ವರ್ಷ ತುಂಬುವವರೆಗೆ ಉಪ್ಪೂ ಇಲ್ಲ. ಜೇನುತುಪ್ಪದ ವಿಷಯದಲ್ಲಿ ಮಾತ್ರ ಊರಿನವರೊಡನೆ ಖಡಾಖಂಡಿತವಾಗಿ ಮಾತನಾಡಬೇಕಾಯಿತು. ಅದರಲ್ಲಿರಬಹುದಾದ, ಬಾಟ್ಯುಲಿಸಂ ಎಂಬ ರೋಗ ತರುವ ಬೀಜಾಣುಗಳು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲವು, ನೆಕ್ಕಿಸುವಷ್ಟೂ ಕೊಡಬಾರದು.

ಅನ್ನಪ್ರಾಶನವನ್ನು ವಿಡಿಯೊದಲ್ಲೇ ಮಾಡಿದೆವು. ಇಲ್ಲಿ ಬೆಳಿಗ್ಗೆ ಎಂಟು, ಹಾಸನದಲ್ಲಿ ಹನ್ನೊಂದೂವರೆ. ಕೂಸಿಗೆ ಹಾಲು ಕುಡಿಸುವ, ಅಜ್ಜಿಯ ಕಾಲದ ಬೆಳ್ಳಿ ಒಳಲೆ ನನ್ನೊಡನೆ ಬಂದಿತ್ತು. ಅದರ ತುದಿಯಿಂದ ಒಂದು ಹನಿ ಪಾಯಸವನ್ನು ಮಗಳ ತುಟಿಗೆ ತಾಗಿಸಿದಾಗ ಅಮ್ಮ ಪರದೆಯ ಆಚೆ ಕಣ್ಣೊರೆಸಿಕೊಂಡಳು. ಈಗ ಮಗಳಿಗೆ ಹತ್ತು ತಿಂಗಳು. ಉಪ್ಪು, ಒಗ್ಗರಣೆ ಬೀಳುವ ಮೊದಲೇ ತೆಗೆದಿಟ್ಟ ಬೇಳೆಯನ್ನು ಅನ್ನಕ್ಕೆ ಕಲಸಿ ಮುಂದಿಟ್ಟರೆ, ಚಮಚವನ್ನು ಬದಿಗೆ ಸರಿಸಿ ಐದೂ ಬೆರಳಿನಿಂದ ಬಾಚಿ ಬಾಯಿಗಿಟ್ಟುಕೊಳ್ಳುತ್ತಾಳೆ.