ಆಸ್ಪರಾಗಸ್ ಬಂದ ದಿನವೇ ಅಡುಗೆ

ಮೇ 4, 2025, ಭಾನುವಾರ

ಬೆಳಿಗ್ಗೆ ಎಳೆ ಆಸ್ಪರಾಗಸ್ ಕಂತೆ ಮನೆಗೆ ಬಂತು. ಮಧ್ಯಾಹ್ನಕ್ಕೆ ಬೇರೆ ಅಡುಗೆ ಅಂದುಕೊಂಡಿದ್ದೆ, ಅದನ್ನು ನಾಳೆಗೆ ಹಾಕಿದೆ. ಈ ತರಕಾರಿಯನ್ನು ತಂದು ಹಾಗೇ ಇಟ್ಟುಕೊಳ್ಳಬಾರದು. ಕೊಯ್ದ ಮೇಲೂ ದಂಟುಗಳು ಉಸಿರಾಡುತ್ತಲೇ ಇರುತ್ತವೆ. ಒಳಗಿನ ಸಕ್ಕರೆ ಖರ್ಚಾಗುತ್ತಾ ಹೋಗುತ್ತದೆ, ಬುಡದಿಂದ ಮೇಲಕ್ಕೆ ನಾರು ಬಲಿಯುತ್ತಾ ಬರುತ್ತದೆ. ಇವತ್ತು ಸಿಹಿಯಾಗಿರುವುದು ನಾಲ್ಕು ದಿನ ಬಿಟ್ಟರೆ ಸಪ್ಪೆ.

ಕಂತೆ ಚೆನ್ನಾಗಿತ್ತು. ತುದಿಗಳು ಬಿಗಿಯಾಗಿ ಮುಚ್ಚಿಕೊಂಡಿದ್ದವು. ಕತ್ತರಿಸಿದ ಬುಡದಲ್ಲಿ ಇನ್ನೂ ಪಸೆ ಇತ್ತು. ಎರಡು ದಂಟುಗಳನ್ನು ಒಂದಕ್ಕೊಂದು ಉಜ್ಜಿದರೆ ಕಿಚಕಿಚ ಸದ್ದು ಬರುತ್ತದೆ, ಅದು ತಾಜಾತನದ ಗುರುತು. ತುದಿ ಬಿಚ್ಚಿಕೊಂಡು ಲೊಳೆಲೊಳೆ ಆಗಿದ್ದರೆ ನಾನು ಮುಟ್ಟುವುದೇ ಇಲ್ಲ.

ಅಕ್ಕ ಸಣ್ಣ ದಂಟುಗಳನ್ನೇ ಆರಿಸುತ್ತಿದ್ದಳು. ದಪ್ಪಗಿದ್ದರೆ ಬಲಿತಿರುತ್ತದೆ ಅಂತ ಅವಳ ನಂಬಿಕೆ. ತುಂಬಾ ಜನ ಹಾಗೇ ತಿಳಿದಿದ್ದಾರೆ, ಆದರೆ ವಿಷಯ ಬೇರೆ. ಮಣ್ಣಿನಿಂದ ದಪ್ಪಗೆ ಬಂದದ್ದು ದಪ್ಪ, ಸಣ್ಣಗೆ ಬಂದದ್ದು ಸಣ್ಣ. ಆಮೇಲೆ ಎತ್ತರ ಬೆಳೆಯುತ್ತದೆಯೇ ಹೊರತು ದಪ್ಪ ಆಗುವುದಿಲ್ಲ. ನಾರು ಇರುವುದು ಹೆಚ್ಚಾಗಿ ಹೊರಸಿಪ್ಪೆಯಲ್ಲಿ. ದಪ್ಪ ದಂಟಿನಲ್ಲಿ ಸಿಪ್ಪೆಗಿಂತ ತಿರುಳು ಜಾಸ್ತಿ, ಹಾಗಾಗಿ ಸಿಪ್ಪೆ ತೆಗೆದರೆ ಅದೇ ಹೆಚ್ಚು ರಸಭರಿತ. ನನ್ನ ಓಟು ದಪ್ಪದ್ದಕ್ಕೇ.

ಈ ಗಿಡದ ಮೇಲೆ ನನಗೆ ತುಂಬಾ ಗೌರವ. ನಮ್ಮ ಶತಾವರಿಯ ಕುಲದ್ದೇ ಇದು. ಅಲ್ಲಿ ಬೇರು ಬೇಕು, ಇಲ್ಲಿ ಚಿಗುರು. ನೆಟ್ಟ ವರ್ಷ ಕೊಯ್ಯುವ ಹಾಗಿಲ್ಲ. ಬೇರು ಬಲವಾಗಲು ಎರಡು ಮೂರು ವರ್ಷ ಕಾಯಬೇಕು. ಆಮೇಲೂ ಕೊಯ್ಲು ಸಾಮಾನ್ಯವಾಗಿ ವರ್ಷಕ್ಕೆ 6ರಿಂದ 8 ವಾರ ಅಷ್ಟೇ. ಬಿಸಿಲು ಹಿತವಾಗಿದ್ದರೆ ಚಿಗುರು ಒಂದೇ ದಿನದಲ್ಲಿ 15 ಸೆಂಟಿಮೀಟರ್ ಏರಿಬಿಡಬಹುದು! ಕೊಯ್ಲಿನ ಕಾಲ ಮುಗಿದ ಮೇಲೆ ಚಿಗುರುಗಳನ್ನು ಹಾಗೇ ಬಿಡಬೇಕು. ಅವು ಎತ್ತರ ಬೆಳೆದು, ನವಿರಾದ ಹಸಿರು ಪೊದೆಯಾಗಿ, ಮುಂದಿನ ವರ್ಷಕ್ಕೆ ಬೇರಿನಲ್ಲಿ ಆಹಾರ ಕೂಡಿಡುತ್ತವೆ. ಇಷ್ಟೆಲ್ಲಾ ಕಾದು ಬಂದದ್ದನ್ನು ಅತಿಯಾಗಿ ಬೇಯಿಸಿ ಮೆತ್ತಗೆ ಮಾಡುವುದು ನನಗೆ ಸಹಿಸಲಾಗದು.

ಬುಡವನ್ನು ಕೈಯಲ್ಲಿ ಬಗ್ಗಿಸಿ ಮುರಿಯುವವರು ಇದ್ದಾರೆ. ಅದು ಎಲ್ಲಿ ಮುರಿಯುತ್ತದೋ ಹೇಳಲಾಗದು, ಒಳ್ಳೆಯ ಭಾಗವೂ ಸುಮ್ನೆ ಹೋಗುತ್ತದೆ. ನಾನು ತೀರಾ ಗಟ್ಟಿಯಾದ ತುಣುಕನ್ನು ಮಾತ್ರ ಚಾಕುವಿನಲ್ಲಿ ಕತ್ತರಿಸಿ, ಕೆಳಗಿನ ಮೂರನೇ ಒಂದು ಭಾಗದ ಸಿಪ್ಪೆಯನ್ನು ತೆಳ್ಳಗೆ ಹೆರೆಯುತ್ತೇನೆ. ತೊಳೆಯುವಾಗ ತುದಿಗಳ ಕಡೆ ಗಮನ ಇರಲಿ, ಮರಳು ಅಡಗುವುದು ಅಲ್ಲೇ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ನೀರು ಉಳಿದರೆ ಬಾಣಲೆಯಲ್ಲಿ ಹಬೆಯಲ್ಲಿ ಬೇಯುತ್ತದೆ, ಕೆಂಪಗಾಗುವುದಿಲ್ಲ.

ಅಗಲ ಬಾಣಲೆ, ಸ್ವಲ್ಪ ಎಣ್ಣೆ, ಜೋರು ಉರಿ. ದಂಟುಗಳು ಒಂದೇ ಸಾಲಿನಲ್ಲಿ, ಒಂದರ ಮೇಲೊಂದು ಬೀಳದಂತೆ. ಹೊರಗೆ ಅಲ್ಲಲ್ಲಿ ಕಂದು ಕಲೆ ಮೂಡಿ, ಚಾಕುವಿನ ತುದಿ ಬುಡದೊಳಗೆ ತುಸು ತಡೆದು ಇಳಿದರೆ ಆಯಿತು. ದಪ್ಪಗಿದ್ದರೂ ಆರೇಳು ನಿಮಿಷ ಸಾಕು. ಒಲೆ ಆರಿಸುವ ಮುಂಚೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸಿನ ಪುಡಿ. ಬೆಳ್ಳುಳ್ಳಿ ಮೊದಲೇ ಹಾಕಿದರೆ ಹೊತ್ತಿ ಕಹಿಯಾಗುತ್ತದೆ. ರೋಮಿನ ಚಕ್ರವರ್ತಿ ಅಗಸ್ಟಸ್ ಕೆಲಸ ಬೇಗ ಆಗಬೇಕು ಅನ್ನುವುದಕ್ಕೆ ‘ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ’ ಅನ್ನುತ್ತಿದ್ದನಂತೆ. ಆಗಲೂ ಜನರಿಗೆ ಈ ಹದ ಗೊತ್ತಿತ್ತು ಅಲ್ವಾ!

ನಿಂಬೆರಸ ಮಾತ್ರ ತಟ್ಟೆಗೆ ಹಾಕಿದ ಮೇಲೆ. ಬಿಸಿಯಲ್ಲಿ ಹುಳಿ ಸೇರಿದರೆ ಹಸಿರು ಬಣ್ಣ ಕೆಟ್ಟು ಮಾಸಲಾಗುತ್ತದೆ. ನೇರಳೆ ತಳಿಯಾದರೆ ಬೇಯುವಾಗ ಅದರ ನೇರಳೆ ಬಣ್ಣವೇ ಹೋಗಿ ಹಸಿರಾಗುತ್ತದೆ, ಅದನ್ನು ಹಸಿಯಾಗಿಯೇ ತೆಳ್ಳಗೆ ಹೆರೆದು ಸಲಾಡ್‌ಗೆ ಹಾಕುವುದು ಒಳ್ಳೆಯದು.

“ಇಷ್ಟೇನಾ? ಮಸಾಲೆ ಏನೂ ಬೇಡ್ವಾ?” ಅಂದಳು ಅಕ್ಕ. ಮೊದಲು ತಿಂದು ನೋಡು ಅಂದೆ. ದಪ್ಪ ದಂಟು ಎರಡು ತಿಂದಳು, ಮತ್ತೆ ಬಡಿಸಿಕೊಂಡಳು. ಹೊಸದಾಗಿ ತಿನ್ನುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಆಮೇಲೆ ಮೂತ್ರಕ್ಕೆ ಬೇರೆ ಥರ ವಾಸನೆ ಬಂದರೆ ಗಾಬರಿ ಬೇಡ. ಇದರಲ್ಲಿರುವ ಗಂಧಕದ ಅಂಶದಿಂದ ಹಾಗಾಗುತ್ತದೆ, ತೊಂದರೆ ಏನಿಲ್ಲ.

ಕತ್ತರಿಸಿದ ಬುಡ, ಸಿಪ್ಪೆ ಎಲ್ಲಾ ನೀರಿನಲ್ಲಿ ಕುದಿಸಿ ಸೋಸಿಟ್ಟಿದ್ದೇನೆ. ರಾತ್ರಿ ಅದಕ್ಕೆ ಆಲೂಗೆಡ್ಡೆ, ಈರುಳ್ಳಿ ಬೇಯಿಸಿ ರುಬ್ಬಿ ಸೂಪ್. ಉಳಿದ ಒಂದು ಹಿಡಿ ದಂಟುಗಳ ಬುಡ ನೀರಿನಲ್ಲಿ ಮುಳುಗುವಂತೆ ಲೋಟದಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಕವರ್ ಮುಚ್ಚಿ ಫ್ರಿಜ್‌ನಲ್ಲಿಟ್ಟೆ. ನಾಳೆ ಬೆಳಿಗ್ಗೆ ಮೊಟ್ಟೆಯ ಜೊತೆ ಅದನ್ನೂ ಮುಗಿಸಬೇಕು.