ಗಾಡಿ ಬಂದದ್ದು ಗೊತ್ತಾಯ್ತು, ನೀನು ಬಂದದ್ದಲ್ಲ

ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸಿಕೊಂಡು ಮನೆಗೆ ಬಂದ ರಾತ್ರಿ ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ನನ್ನ ಮುಖ ನೋಡಿದ ಮೇಲೆ ದೀಪ ಆರಿಸಲು ಕೈ ಚಾಚಿ, "ನೀನಾ? ಯಾವುದೋ ಗಾಡಿ ಬಂತು ಅಂತ ಗೊತ್ತಾಯ್ತು ಕಣೋ, ನೀನು ಬಂದೆ ಅಂತ ಗೊತ್ತಾಗಲಿಲ್ಲ" ಅಂದು ಮಲಗಿಬಿಟ್ಟರು. ಆಮೇಲೆ ನಿದ್ದೆ ಬರದೆ ಹೊರಳಾಡಿದವನು ನಾನು. ಮೊದಲಿಗಿಂತ ಜೋರಾದ ಪೈಪು ಹಾಕಿಸಿಕೊಂಡು ಬಂದಿದ್ದೇನೆ, ಅಪ್ಪನಿಗೆ ಕೇಳಿಸಬೇಕಾದದ್ದೇ ಕೇಳಿಸಿಲ್ಲ.

ಮೂರು ತಿಂಗಳು ಹುಡುಕಿ ಆರಿಸಿದ ಸೌಂಡು ಅದು. ಇಯರ್‌ಫೋನ್ ಹಾಕಿಕೊಂಡು ಎಷ್ಟು ವಿಡಿಯೋ ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಯೋಚಿಸಿದರೆ ಹುಡುಕಿದ ದಾರಿಯೇ ತಪ್ಪು. ಫೋನಿನ ಮೈಕು ಜೋರು ಸದ್ದನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕೆಳಗಿನ ಗುಡುಗನ್ನು ಸರಿಯಾಗಿ ಹಿಡಿಯುವುದಿಲ್ಲ. ಎದೆಗೆ ತಾಗುವ ಭಾಗ ಸೊರಗಿ ಕಿವಿಗೆ ತಾಗುವ ಭಾಗವೇ ಮುಂದೆ ಬರುತ್ತದೆ. ಹಾಗೆ ಕೇಳಿ ಪೈಪು ಆರಿಸಿದರೆ ಕರ್ಕಶವಾದದ್ದೇ ಚೆನ್ನಾಗಿ ಕಾಣುತ್ತದೆ.

ನನ್ನದು ಒಂದೇ ಸಿಲಿಂಡರಿನ ಗಾಡಿ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಎರಡು ಸುತ್ತು ಹಾಕಿದರೆ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಮುಟ್ಟದೆ ಎಂಜಿನ್ ಸುಮ್ಮನೆ ಓಡುವಾಗ, 1000 ಆರ್‌ಪಿಎಂ (ನಿಮಿಷಕ್ಕೆ 1000 ಸುತ್ತು) ಇದ್ದರೆ ಸೆಕೆಂಡಿಗೆ ಸುಮಾರು 8 ಬಡಿತ. ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳಿಸುವಷ್ಟು ನಿಧಾನ. ನಾಲ್ಕು ಸಿಲಿಂಡರಿನ ಗಾಡಿ 10,000 ಆರ್‌ಪಿಎಂಗೆ ಏರಿದಾಗ ಸೆಕೆಂಡಿಗೆ 333 ಬಡಿತ, ಆಗ ಅದು ಬಡಿತವಾಗಿ ಉಳಿಯದೆ ಒಂದು ಸ್ವರವಾಗಿ ಎಳೆಯುತ್ತದೆ. 270 ಡಿಗ್ರಿ ಕ್ರ್ಯಾಂಕಿನ ಟ್ವಿನ್‌ಗಳಲ್ಲಿ, ಅಂದರೆ ಎರಡು ಸಿಲಿಂಡರಿನ ಗಾಡಿಗಳಲ್ಲಿ, ಬಡಿತಗಳ ನಡುವಿನ ಒಂದು ಅಂತರ 270 ಡಿಗ್ರಿ, ಇನ್ನೊಂದು 450. ಆ ಕುಂಟು ನಡಿಗೆಯಲ್ಲೇ ಅದರ ಚೆಂದವಿದೆ. ಯಾವ ಪೈಪು ಹಾಕಿದರೂ ಈ ತಾಳ ಬದಲಾಗುವುದಿಲ್ಲ, ಅದು ಕ್ರ್ಯಾಂಕಿನದು. ಪೈಪು ಬದಲಾಯಿಸುವುದು ಕಂಠವನ್ನು. ಅಂಗಡಿಯಲ್ಲಿ ಇದನ್ನು ನನಗೆ ಯಾರೂ ಹೇಳಲಿಲ್ಲ. ಅಲ್ಲಿದ್ದ ಹುಡುಗ ನಾನು ಪೈಪು ತೋರಿಸಿದ ಕೂಡಲೇ ರೇಸ್ ಕೊಟ್ಟು, ಆಫ್ ಮಾಡಿ, "ಹೆಂಗೆ ಸಾರ್?" ಅನ್ನುತ್ತಿದ್ದ. ಒಳ್ಳೆಯ ಹುಡುಗನೇ, ಆದರೆ ರೇಸ್ ಕೊಡದೆ ಸುಮ್ಮನೆ ಐಡ್ಲಿಂಗ್‌ನಲ್ಲಿ ಒಂದು ನಿಮಿಷ ಬಿಟ್ಟು ಕೇಳಿಸುವ ತಾಳ್ಮೆ ಅವನಿಗಿರಲಿಲ್ಲ. ಕೇಳಿಸು ಅನ್ನುವ ಬುದ್ಧಿ ನನಗೂ ಇರಲಿಲ್ಲ.

ಮತ್ತೆ ಮತ್ತೆ ಅದೇ ಮಾತು: ನೀನು ಬಂದೆ ಅಂತ ಗೊತ್ತಾಗಲಿಲ್ಲ. ಅಂದರೆ ಇಷ್ಟು ವರ್ಷ ಗೊತ್ತಾಗುತ್ತಿತ್ತು. ನಾನು ತಡವಾಗಿ ಬರುವ ರಾತ್ರಿಗಳಲ್ಲಿ ಅಪ್ಪ ಮಲಗಿಕೊಂಡೇ ಆ ಬಡಿತ ಕೇಳಿ, ಬಂದ ಅಂದುಕೊಂಡು ನಿದ್ದೆಗೆ ಜಾರುತ್ತಿದ್ದರು. ನನಗೆ ಇದು ತಿಳಿದೇ ಇರಲಿಲ್ಲ. ಬೈಕು ಮಾಡುವ ಹಾರ್ಲೆ ಡೇವಿಡ್ಸನ್ ಕಂಪನಿ ತನ್ನ ವಿ-ಟ್ವಿನ್ (V ಆಕಾರದಲ್ಲಿ ಎರಡು ಸಿಲಿಂಡರ್ ಇರುವ) ಎಂಜಿನ್ನಿನ ಸದ್ದಿಗೇ ಟ್ರೇಡ್‌ಮಾರ್ಕ್ ಬೇಕೆಂದು 1994ರಲ್ಲಿ ಅರ್ಜಿ ಹಾಕಿ, 2000ದಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಸದ್ದೂ ಒಂದು ಹೆಸರು ಅಂತ ಅವರು ವಾದಿಸಿದ್ದು ನನಗೆ ಈಗ ಅರ್ಥವಾಗುತ್ತಿದೆ. ಅಪ್ಪನ ಕಿವಿಯಲ್ಲಿ ನನಗಿದ್ದ ಆ ಹೆಸರನ್ನು ಒಂದೇ ಮಧ್ಯಾಹ್ನದಲ್ಲಿ ನಾನೇ ಅಳಿಸಿಬಿಟ್ಟಿದ್ದೆ.

ಮರುದಿನ ನನ್ನ ಹಳೆಯ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಕಡಿಮೆ ಮಾತಿನ ಮನುಷ್ಯ, ಅಂಗಡಿಯವರಿಗಿಂತ ನನಗೆ ಆತನ ಮೇಲೆ ನಂಬಿಕೆ ಹೆಚ್ಚು. ನನ್ನನ್ನು ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲಿಸಿ ಸ್ಟಾರ್ಟ್ ಮಾಡಿದರು. "ಸೀಟ್ ಮೇಲೆ ಕೂತು ಕೇಳೋದು ಬೇರೆ ಸಾರ್. ಪೈಪಿನ ಬಾಯಿ ಇರೋದು ಹಿಂದಕ್ಕೆ." ನಿಜ, ಹತ್ತು ವರ್ಷ ಓಡಿಸಿದ ಗಾಡಿಯನ್ನು ನಾನು ಹಿಂದಿನಿಂದ ಕೇಳಿದ್ದು ಅದೇ ಮೊದಲು. ಓಡಿಸುವಾಗ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ ಜಾಸ್ತಿ; ಪೈಪಿನ ಪೂರ್ತಿ ಸದ್ದು ದಾರಿಯಲ್ಲಿ ನಿಂತವರಿಗೆ, ಮನೆಗಳಲ್ಲಿ ಮಲಗಿದವರಿಗೆ. ಸದ್ದು ಅಳೆಯುವ ತಪಾಸಣೆಯಲ್ಲೂ ಮೈಕನ್ನು ಇಡುವುದು ಪೈಪಿನ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ. ಸವಾರನ ಕಿವಿಯ ಹತ್ತಿರ ಯಾರೂ ಇಡುವುದಿಲ್ಲ. ಜೋರು ಪೈಪಿದ್ದರೆ ಮುಂದಿನವರು ದಾರಿ ಬಿಡುತ್ತಾರೆ, ಅದೇ ಸೇಫ್ ಅಂತ ನನ್ನ ಗೆಳೆಯನೊಬ್ಬ ಯಾವಾಗಲೂ ಹೇಳುತ್ತಾನೆ. ನನಗೆ ಒಪ್ಪಿಗೆಯಿಲ್ಲ. ಗಾಜು ಏರಿಸಿಕೊಂಡು ಮುಂದೆ ಹೋಗುವವನಿಗಿಂತ, ನಾವು ದಾಟಿ ಬಂದ ಬೀದಿಗೇ ಅದು ಹೆಚ್ಚು ಕೇಳಿಸುತ್ತದೆ.

ಮೆಕ್ಯಾನಿಕ್ ಬಗ್ಗಿ, ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನ ಜಾಯಿಂಟಿನ ಹತ್ತಿರ ಬೆರಳು ತೋರಿಸಿದರು. ಜಾಯಿಂಟಿನ ಸಂದು ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಮಸಿ ಗೆರೆಯೊಂದು ಹೊರಗೆ ಚಾಚಿತ್ತು, ಉಗುರಿನಷ್ಟು ಉದ್ದ. ಅಲ್ಲಿಂದ ಗಾಳಿ ಒಳಗೆ ಸೇರುತ್ತಿದೆ, ಥ್ರಾಟಲ್ ಬಿಟ್ಟಾಗ ಪೈಪಿನಲ್ಲಿ ಉಳಿದ ಪೆಟ್ರೋಲ್ ಆ ಗಾಳಿಗೆ ಸಿಕ್ಕಿ ಪಟಪಟ ಸಿಡಿಯುತ್ತಿದೆ ಅಂದರು. ನಾನು ಥ್ರಾಟಲ್ ಪೂರ್ತಿ ಬಿಡುವುದು ಎಲ್ಲಿ? ಮನೆಯ ತಿರುವಿನಲ್ಲಿ. ಅಪ್ಪ ನನ್ನ ಸದ್ದಿಗಾಗಿ ಕಿವಿಗೊಟ್ಟು ಮಲಗಿರುವ ಹೊತ್ತಿಗೆ ಸರಿಯಾಗಿ ಅವರ ಕಿಟಕಿಯ ಕೆಳಗೆ ಪಟಾಕಿ ಹೊಡೆದ ಹಾಗೆ ಆಗಿದೆ.

ಗ್ಯಾಸ್ಕೆಟ್ ಹೊಸದು ಹಾಕಿದರು. ಸದ್ದು ತಗ್ಗಿಸಲು ಸೈಲೆನ್ಸರಿನ ಬಾಯೊಳಗೆ ಕೂರಿಸುವ ಡಿಬಿ ಕಿಲ್ಲರ್ ಅನ್ನು ಅಂಗಡಿಯ ಹುಡುಗ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ, ಅದು ಬ್ಯಾಗಿನಲ್ಲೇ ಇತ್ತು. ಹೆಬ್ಬೆರಳು ತೂರುವಷ್ಟು ಸಣ್ಣ ಕೊಳವೆ, ಮೈತುಂಬಾ ತೂತು. ಅದನ್ನು ಕೂರಿಸಿ ಬೋಲ್ಟ್ ಬಿಗಿದು ಸ್ಟಾರ್ಟ್ ಮಾಡಿದಾಗ ಹರಿತವಾದ ಕಿರುಚು ಹೋಗಿ ಅದರ ಕೆಳಗಿದ್ದ ದುಗ್ ದುಗ್ ಮೇಲೆ ಬಂತು. ಹಳೆಯ ಸೈಲೆನ್ಸರಿನಷ್ಟು ಮೆತ್ತಗಲ್ಲ, ಆದರೂ ಎಂಟೂ ಬಡಿತ ಮತ್ತೆ ಬಿಡಿಯಾಗಿ ಕೇಳಿಸುತ್ತಿದ್ದವು.

ಸಂಜೆ ಮನೆಗೆ ಬಂದು, "ಅಪ್ಪಾ, ನೀವು ಹೋಗಿ ಮಂಚದ ಮೇಲೆ ಮಲಗಿ, ಕಿಟಕಿ ತೆರೆದಿರಲಿ" ಅಂದೆ. ಯಾಕೆ ಅಂತ ಕೇಳಲಿಲ್ಲ, ಹೋಗಿ ಮಲಗಿದರು. ನಾನು ಬೀದಿಯ ತುದಿಗೆ ಹೋಗಿ, ತಿರುಗಿ, ಎಂದಿನ ಹಾಗೆಯೇ ಥ್ರಾಟಲ್ ಬಿಟ್ಟು ನಿಧಾನವಾಗಿ ಬಂದು ಕಿಟಕಿಯ ಕೆಳಗೆ ನಿಲ್ಲಿಸಿದೆ. ಎಂಜಿನ್ ಆಫ್ ಮಾಡುವ ಮೊದಲೇ ಒಳಗಿನಿಂದ ದನಿ ಬಂತು.

"ಇನ್ನೊಂದು ಸಲ ಬಾ ನೋಡೋಣ. ಹತ್ತಿರ ಹತ್ತಿರ ಬಂದಿದೆ."